ಮಗಳ ಪುಟದ ಮೇಲೆ ಪೆನ್ಸಿಲ್ ಗೀಟು

ಬೀದಿ ತಿರುವಿನ ಟೈಲರ್‌ಗೆ ಇದ್ದದ್ದು ಒಂದೇ ಚಿಂತೆ. ಮಗಳು ಪಾಠವನ್ನೆಲ್ಲ ಗಿಣಿಯ ಹಾಗೆ ಒಪ್ಪಿಸುತ್ತಾಳೆ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಕೊಂಚ ತಿರುಗಿಸಿದರೆ ಸಾಕು, ತಬ್ಬಿಬ್ಬಾಗುತ್ತಾಳೆ.

ಅಂಥವಳು ಶನಿವಾರ ಮಧ್ಯಾಹ್ನವೆಲ್ಲ ನಾಲ್ವರು ಗೆಳತಿಯರೊಂದಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಪುಸ್ತಕ ಚರ್ಚೆಗೆ ಕೂರುತ್ತಿದ್ದಳು. ಐವರೂ ಒಂದೇ ಕಥೆ ಓದಿ ಬರುವುದು, ತಲೆಗೊಂದು ಪ್ರಶ್ನೆ ತರುವುದು, ಬರೆದದ್ದನ್ನು ಅದಲುಬದಲು ಮಾಡಿ ಓದುವುದು. ಪರದೆಯಾಚೆ ನಗು ಕೇಳಿದಾಗಲೆಲ್ಲ ಇತ್ತ ಹೊಲಿಗೆ ಯಂತ್ರ ಮುನಿಸಿಕೊಂಡಂತೆ ಗುರುಗುಟ್ಟುತ್ತಿತ್ತು.

ಒಂದು ದಿನ, ಓದಿದ ಕಥೆಯ ಬಗ್ಗೆ ಮಗಳು ಬರೆದ ಹಾಳೆ ಅವನ ಕೈಗೆ ಸಿಕ್ಕಿತು. ಪುಟದ ತುಂಬ ಪೆನ್ಸಿಲ್ ಗೀಟು. ಹಾಕಿದವರು ಶಾಲೆಯ ಮೇಡಂ ಅಲ್ಲ, ಪಕ್ಕದ ಬೆಂಚಿನ ಗೆಳತಿ.

"ಅವಳಿಗೇ ಏನೂ ಬರಲ್ಲ, ನಿನ್ನದನ್ನ ತಿದ್ತಾಳಾ? ಈ ಸಂತೆ ಸಾಕು. ಮುಂದಿನ ವಾರದಿಂದ ಟ್ಯೂಷನ್‌ಗೆ ನಡಿ."

ಮಗಳು ಕಣ್ಣು ತುಂಬಿಕೊಂಡು ಹಾಳೆಯನ್ನು ಮಡಚಿದಳು.

ಅಷ್ಟರಲ್ಲಿ ಲೈಬ್ರರಿ ಅಕ್ಕ ತನ್ನ ಕೋಟಿನ ಟ್ರಯಲ್‌ಗೆ ಬಂದಳು. ಮಕ್ಕಳಿಗೆ ಪುಸ್ತಕ ಆರಿಸಿ ಕೊಡುತ್ತಿದ್ದವಳು ಅವಳೇ. ಟೈಲರ್ ಹುರುಪಿನಿಂದ ಕೋಟು ತೊಡಿಸಿ, ತೋಳಿಗೆ ಪಿನ್ನು ಚುಚ್ಚಿ, ಭುಜಕ್ಕೆ ಚಾಕ್‌ಪೀಸಿನ ಗೀಟೆಳೆದ. ಮಗಳ ಮುಖ ನೋಡಿ ಅಕ್ಕ ವಿಚಾರಿಸಿದಳು, ವಿಷಯವೆಲ್ಲ ಕೇಳಿಕೊಂಡಳು. ಆಮೇಲೆ ಕನ್ನಡಿ ನೋಡುತ್ತಲೇ ಅಂದಳು:

"ಅಲ್ಲ ಟೈಲರಣ್ಣ, ಇಷ್ಟು ವರ್ಷದ ಕೈ ನಿಮ್ಮದು. ಟ್ರಯಲ್ ಯಾಕೆ? ಒಂದೇ ಸಲಕ್ಕೆ ಹೊಲಿದು ಬಿಡಬಾರದಾ?"

ಟೈಲರ್ ನಕ್ಕುಬಿಟ್ಟ. "ಹಾಗೆ ಮಾಡಿ ಒಮ್ಮೆ ಕೆಟ್ಟಿದ್ದೀನಿ ಅಕ್ಕ. ನನ್ನ ಮದುವೆ ಕೋಟು ನಾನೇ ಹೊಲಿದೆ, ಯಾರಿಗೂ ತೋರಿಸಲಿಲ್ಲ. ಹಿಂದೆ ಒಂಟೆ ಡುಬ್ಬದ ಹಾಗೆ ಉಬ್ಬಿತ್ತು. ಫೋಟೋ ಬಂದ ಮೇಲೆ ಗೊತ್ತಾಯ್ತು. ಜೊತೆಗಿದ್ದವರು ಒಬ್ಬರಾದರೂ ಹೇಳಬಾರದಿತ್ತಾ?"

"ಹೇಳೋಕೆ ಅವರೂ ಟೈಲರೇ ಆಗಿರಬೇಕಿತ್ತಾ?"

ಚಾಕ್‌ಪೀಸ್ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

ಅಕ್ಕ ನಿಧಾನವಾಗಿ ಬಿಡಿಸಿ ಹೇಳಿದಳು. ಗುಂಪಿಗೂ ಒಂದು ಕಟ್ಟಳೆ ಇದೆ: ಮೊದಲು ಹಿಡಿಸಿದ್ದನ್ನು ಹೇಳಬೇಕು, ಆಮೇಲೆ ತೊಡರಿದ ಜಾಗವನ್ನು ತೋರಿಸಬೇಕು, ತಿದ್ದುವುದೂ ಬಿಡುವುದೂ ಬರೆದವಳ ಇಷ್ಟ. ಗೊತ್ತಾಗದಿದ್ದರೆ ಕೇಳಲು ಅಕ್ಕ ಇದ್ದಾಳೆ, ಮೇಡಂ ಇದ್ದಾರೆ.

ಟೈಲರ್ ಹಾಳೆಯನ್ನು ಈಸಿಕೊಂಡು, ಗೀಟಿನ ಪಕ್ಕ ಗೆಳತಿ ಬರೆದದ್ದನ್ನು ಈ ಸಲ ಓದಿದ. 'ಮಳೆ ಬರೋದು ಚೆನ್ನಾಗಿದೆ, ನಾನೂ ನೆನೆದ ಹಾಗಾಯ್ತು. ಆದರೆ ಹುಡುಗಿ ದೋಣಿ ಹತ್ತಿದ್ದು ಯಾಕೆ?'

"ಯಾಕಂತೆ?" ಎಂದು ಮಗಳನ್ನು ಕೇಳಿದ.

"ಮೊದಲು ನನಗೂ ಗೊತ್ತಿರಲಿಲ್ಲಪ್ಪ, ಈ ಕಥೆ ನಮ್ಮ ಪಾಠದಲ್ಲೂ ಇದೆಯಲ್ಲ, ಗೈಡ್ ನೋಡಿ ಬರೆದಿದ್ದೆ. ಅವಳು ಕೇಳಿದ ಮೇಲೆ ಕಥೆ ಮತ್ತೆ ಓದಿದೆ. ಆಚೆ ದಡದಲ್ಲಿ ತಮ್ಮ ಒಬ್ಬನೇ ಅಳ್ತಿದ್ದ. ಅದು ಕೇಳಿಸಿದ ಮೇಲೆ ಅವಳಿಗೆ ನೀರಿನ ಭಯ ಮರೆತೇಹೋಯ್ತು."

ಗೈಡೂ ಇರಲಿಲ್ಲ, ತಡವರಿಕೆಯೂ ಇರಲಿಲ್ಲ. ಟೈಲರ್ ಹಾಳೆಯನ್ನು ಇಸ್ತ್ರಿ ಮಾಡಿದ ಬಟ್ಟೆಯಷ್ಟು ಜೋಪಾನವಾಗಿ ಹಿಂದಿರುಗಿಸಿದ. ಟ್ಯೂಷನ್ ಮಾತು ಅಲ್ಲಿಗೇ ನಿಂತಿತು.

ಮುಂದಿನ ಶನಿವಾರ ಹೊಲಿಗೆ ಯಂತ್ರ ಸುಮ್ಮನಿತ್ತು. ಪರದೆಯ ಅಂಚಿನಲ್ಲಿ ಸ್ಟೂಲು ಹಾಕಿಕೊಂಡು ಕೂತವನು ಮೆಲ್ಲಗೆ ಕೇಳಿದ: "ಅಲ್ಲ ಮಕ್ಕಳೇ, ಆ ದೋಣಿ ಯಾರದು?"

ಐವರೂ ಮುಖ ಮುಖ ನೋಡಿಕೊಂಡು ಗಡಿಬಿಡಿಯಿಂದ ಪುಟ ತಿರುವಿದರು.

ಓದುವ ಮಕ್ಕಳಿರುವ ಅಪ್ಪ ಅಮ್ಮಂದಿರೇ, ವಾರಕ್ಕೊಂದು ಮಧ್ಯಾಹ್ನ ನಿಮ್ಮ ಮನೆಯಲ್ಲೂ ಒಂದು ಚಾಪೆ ಹಾಸಿ. ನಾಲ್ವರು ಗೆಳೆಯರು, ಒಂದು ಪುಸ್ತಕ, ಒಂದು ಪೆನ್ಸಿಲ್ ಸಾಕು. ನಗು ಕೇಳಿಸಿದರೆ ಗದರಬೇಡಿ. ಒಳಗೆ ಟ್ರಯಲ್ ನಡೆಯುತ್ತಿದೆ.