ಬಿದ್ದ ಜಾಗ

"ಏಯ್, ಬಕೆಟ್ ಎತ್ತೇ ಅಲ್ಲಿಂದ! ಕಣ್ಣೇನು ಬೆನ್ನಲ್ಲಿದೆಯಾ ನಿಂಗೆ? ಫೋಟೋದಲ್ಲಿ ನಿನ್ನ ದರಿದ್ರ ಮೋರೆ ಬರ್ತಾ ಇದೆ!"

ಸೂಪರ್‌ವೈಸರ್ ಕೂಗಿದ ಕೂಗು ನಾಲ್ಕಂತಸ್ತಿನ ಆ ಹಜಾರವನ್ನೆಲ್ಲ ಸುತ್ತಿ, ಮೇಲಿನ ಗಾಜಿನ ಸೂರಿಗೆ ತಾಗಿ, ಮತ್ತೆ ಗಾರೆಯಕ್ಕನ ನೆತ್ತಿಯ ಮೇಲೇ ಬಂದು ಬಿತ್ತು. ಅವಳು ಬಕೆಟ್ಟನ್ನೂ ನೆಲ ಒರೆಸುವ ಕೋಲನ್ನೂ ಬಾಚಿಕೊಂಡು ಗೋಡೆಯ ಕಡೆಗೆ ಓಡಿದಳು. ಗೋಡೆಯೆಂದರೆ ಅಲ್ಲಿ ಅದು ಗೋಡೆಯಲ್ಲ. ಮರದ ಹಲಗೆಗಳ ನಡುವೆ ಹಿಡಿಯೇ ಇಲ್ಲದ ಒಂದು ಬಾಗಿಲು. ಅಂಗೈಯಿಂದ ಒತ್ತಿದರೆ ತೆರೆದುಕೊಳ್ಳುತ್ತದೆ, ಬಿಟ್ಟರೆ ಮುಚ್ಚಿಕೊಂಡು ಮತ್ತೆ ಗೋಡೆಯಾಗುತ್ತದೆ. ಒಳಗೆ ಪೊರಕೆ, ಫಿನೈಲು, ಒದ್ದೆ ಬಟ್ಟೆ, ಮತ್ತು ಅವುಗಳ ಜೊತೆ ಮೈ ಕಿರಿದು ಮಾಡಿಕೊಂಡು ನಿಂತ ಕೆಲಸದ ಹೆಂಗಸರು.

ಈ ಗ್ರಂಥಾಲಯ ತೆರೆದ ದಿನ ಅದರ ನಕ್ಷೆ ಬರೆದ ಆರ್ಕಿಟೆಕ್ಟು ಬಂದವರಿಗೆಲ್ಲ ಹೇಳಿದ್ದ: "ನಮ್ಮ ಕಟ್ಟಡದಲ್ಲಿ ಪೈಪು, ವೈರು, ಕಸ, ಕ್ಲೀನಿಂಗು ಯಾವುದೂ ಕಣ್ಣಿಗೆ ಬೀಳಲ್ಲ. ಓದೋಕೆ ಬಂದೋರಿಗೆ ಕಾಣೋದು ಬೆಳಕು, ಪುಸ್ತಕ. ಅಷ್ಟೇ." ಪೈಪು ವೈರುಗಳ ಸಾಲಿನಲ್ಲಿ ತಾನೂ ಸೇರಿದ್ದೇನೆ ಎನ್ನುವುದು ಗಾರೆಯಕ್ಕನಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೆಲಸದವರು ಒಳಗೆ ಬರಬೇಕಾದ್ದು ನೆಲಮಾಳಿಗೆಯಿಂದ, ಜನರೇಟರಿನ ಪಕ್ಕದ ಕಸದ ಡಬ್ಬಿಗಳ ಸಂದಿಯಲ್ಲಿ. ಉಣ್ಣಬೇಕಾದ್ದು ಹಜಾರದ ದೊಡ್ಡ ಮೆಟ್ಟಿಲುಗಳ ಹೊಟ್ಟೆಯಡಿ. ಆ ಮೆಟ್ಟಿಲುಗಳ ಮೇಲೆ ದಿಂಬು ಹಾಕಿಕೊಂಡು ಜನ ಓದುತ್ತಾರೆ; ಅಡಿಯಲ್ಲಿ ಕೂತವರು ತಲೆಯೆತ್ತಿದರೆ ಕಾಂಕ್ರೀಟು ಬಡಿಯುತ್ತದೆ. ಮೇಲಿನ ಕಕ್ಕಸುಗಳನ್ನು ಮುಖ ಕಾಣುವ ಹಾಗೆ ಉಜ್ಜಿ, ತಮಗೆ ಅವಸರವಾದರೆ ಅಷ್ಟೂ ಮೆಟ್ಟಿಲಿಳಿದು ನೆಲಮಾಳಿಗೆಗೆ ಓಡಬೇಕು.

ಕಟ್ಟಡ ಏಳುವಾಗ ಗಾರೆ ಕಲಸಿ ಬಾಂಡ್ಲಿ ಹೊತ್ತವಳು ಅವಳು. ಹಾಗಾಗಿ ಆ ಹೆಸರು ಬಂತು, ಉಳಿಯಿತು. ಅವಳ ಗಂಡ ಬೆಸುಗೆಯವನು. ಗಾಜಿನ ಸೂರನ್ನು ಹೊತ್ತಿರುವ ಕಬ್ಬಿಣದ ಪಕ್ಕೆಲುಬುಗಳಿಗೆಲ್ಲ ಬೆಸುಗೆ ಹಾಕಿದವರಲ್ಲಿ ಅವನೊಬ್ಬ. ಬೊಂಬು ಕಟ್ಟಿದ ಸಾರುವೆಯ ತುದಿಯಲ್ಲಿ ಕೂತು ಕೆಳಗಿನವರಿಗೆ ಕೇಳುವ ಹಾಗೆ ಹಾಡು ಹೇಳುತ್ತಿದ್ದ. ಒಂದು ದಿನ ಸಾರುವೆಯ ಹಲಗೆ ಜಾರಿತು. ಕೆಳಗೆ ಕಟ್ಟಬೇಕಾಗಿದ್ದ ಬಲೆ ಉಗ್ರಾಣದಲ್ಲಿ ಮಡಿಸಿದ ಹಾಗೇ ಇತ್ತು. ಸೊಂಟದಿಂದ ಕೆಳಗೆ ಅವನಿಗೆ ಸ್ವಾಧೀನವೇ ಉಳಿಯಲಿಲ್ಲ. ಆಸ್ಪತ್ರೆಯ ಬಾಗಿಲಲ್ಲೇ ಕಂಟ್ರಾಕ್ಟರು, "ಕುಡ್ಕೊಂಡು ಹತ್ತಿದ್ದ ನನ್ಮಗ" ಅಂದ. ಪಕ್ಕದಲ್ಲಿದ್ದ ಆರ್ಕಿಟೆಕ್ಟು, "ಹೌದು, ನಾನೂ ನೋಡಿದೆ" ಅಂದ. ಹೆಂಡದ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ರಸ್ತೆ ದಾಟುತ್ತಿದ್ದ ಮನುಷ್ಯನ ಮೇಲೆ ಆ ಮಾತು ಹಚ್ಚೆಯ ಹಾಗೆ ಕೂತುಬಿಟ್ಟಿತು. ಆಮೇಲೆ ಪರಿಹಾರ ಎಲ್ಲಿ ಕೇಳಿದರೂ ಅದೇ ಉತ್ತರ. ಗಂಡನ ಕಾಲುಗಳನ್ನು ನುಂಗಿದ ಕಟ್ಟಡದಲ್ಲೇ ಹೆಂಡತಿ ನೆಲ ಒರೆಸಲು ಸೇರಿದಳು. ಹೊಟ್ಟೆ ಕೇಳಬೇಕಲ್ಲ.

ಅವರ ಒಂದು ಕೋಣೆಯ ಮನೆ ಗ್ರಂಥಾಲಯದ ಹಿಂದಿನ ಗಲ್ಲಿಯಲ್ಲಿ. ಬೆಸುಗೆಯವನು ಕಿಟಕಿಯ ಬಳಿ ಮಲಗಿ, ಬಂದವರನ್ನೆಲ್ಲ ನಗಿಸುತ್ತಿದ್ದ. "ಎರಡು ಕಾಲೂ ರಜಾ ಹಾಕಿವೆ. ಯಾವಾಗ ಬರ್ತೀರ ಅಂದ್ರೆ ಉತ್ರ ಇಲ್ಲ." ಸಂಜೆ ಹೆಂಡತಿ ಬಂದೊಡನೆ ಅವನ ವಿಚಾರಣೆ ಶುರು.

"ಒಳಗೆ ಬಿಸಿಲು ಹೆಂಗೆ ಬೀಳುತ್ತೆ ಕಣೆ?"

"ಬಿಸಿಲು ಬಿಸಿಲಿನ ಹಂಗೇ ಬೀಳುತ್ತೆ. ಅದನ್ನೊಂದು ಒರ್ಸು ಅನ್ನಲ್ಲ, ಪುಣ್ಯ."

"ಪಕ್ಕೆಲುಬಿನ ನೆರಳು ನೆಲದ ಮೇಲೆ ಬರುತ್ತಾ?"

"ನೆಲ ನೋಡೋಕೆ ಎಲ್ಲಿ ಪುರುಸೊತ್ತು? ಕೊಳೆ ನೋಡ್ತೀನಿ."

"ನಂಗೊಂದ್ಸಲ ನೋಡ್ಬೇಕು ಕಣೆ. ಬೀಳೋವಾಗ ಸರಿಯಾಗಿ ನೋಡೋಕೆ ಆಗ್ಲಿಲ್ಲ."

ಅವಳು ಇವತ್ತು ನಾಳೆ ಎಂದು ಮುಂದೆ ಹಾಕುತ್ತಲೇ ಬಂದಳು. ಅವನನ್ನು ಹೇಗೆ ಒಯ್ಯುವುದು ಅನ್ನುವುದು ಬಾಯಿಮಾತಿನ ನೆಪ. ಈಗಿನ ಸೂಪರ್‌ವೈಸರು ಕಟ್ಟಡ ಮುಗಿದ ಮೇಲೆ ಬಂದವನು. ಸೂರಿನಿಂದ ಬಿದ್ದ ಕುಡುಕನ ಕತೆ ಗೊತ್ತಿತ್ತು, ಕುಡುಕನ ಹೆಂಡತಿ ಯಾರೆಂದು ಗೊತ್ತಿರಲಿಲ್ಲ. ಗೊತ್ತಾದ ಮರುದಿನ ಕೆಲಸ ಇರುವುದಿಲ್ಲ ಎಂಬ ಭಯ ಅವಳಿಗೆ.

ಇವತ್ತು ಕಟ್ಟಡಕ್ಕೆ ಯಾವುದೋ ದೊಡ್ಡ ಪ್ರಶಸ್ತಿ ಕೊಡುವ ತೀರ್ಪುಗಾರರು ಬರುವವರಿದ್ದರು. ಅದಕ್ಕೇ ಬೆಳಗಿನಿಂದ ಫೋಟೋ ತೆಗೆಯುವ ಗಲಾಟೆ. ಎಲ್ಲಕ್ಕಿಂತ ಹೆಚ್ಚು ಫೋಟೋ ತೆಗೆಸಿಕೊಂಡದ್ದು ರ‍್ಯಾಂಪು. ರಸ್ತೆಯಿಂದ ಶುರುವಾಗಿ, ತಾನೇ ತೆರೆದುಕೊಳ್ಳುವ ಗಾಜಿನ ಬಾಗಿಲು ದಾಟಿ, ಹಜಾರದ ಸುತ್ತ ಬಳ್ಳಿಯಂತೆ ಹಬ್ಬಿ ಕೊನೆಯ ಅಂತಸ್ತಿನವರೆಗೆ ಏರುವ ಅಗಲವಾದ ಇಳಿಜಾರು ಅದು. ಪಕ್ಕದ ಉದ್ದಕ್ಕೂ ಪುಸ್ತಕದ ಕಪಾಟುಗಳು. ಬಾಗಿಲ ಮೇಲೆ ಆಳೆತ್ತರದ ಅಕ್ಷರದಲ್ಲಿ "ಎಲ್ಲರಿಗೂ ಒಂದೇ ದಾರಿ" ಎಂದು ಕೊರೆದಿದ್ದರು. ಗಾಲಿಕುರ್ಚಿಯಲ್ಲಿ ಕೂತ ತೆಳ್ಳಗಿನ ಹುಡುಗಿಯೊಬ್ಬಳು ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ರ‍್ಯಾಂಪಿನ ತಿರುವಿನಲ್ಲಿ ನಗುತ್ತಿದ್ದಳು. ಆರ್ಕಿಟೆಕ್ಟು, "ಇನ್ನೂ ಸ್ವಲ್ಪ ಮುಖ ಎತ್ತಮ್ಮ, ಬೆಳಕು ನೋಡು" ಎನ್ನುತ್ತಿದ್ದ.

ಗಾರೆಯಕ್ಕ ಗೋಡೆಬಾಗಿಲನ್ನು ಬೆರಳಷ್ಟು ತೆರೆದು ನೋಡುತ್ತಿದ್ದಾಗ ಹೊರಗೆ ರಸ್ತೆಯಲ್ಲಿ ತರಕಾರಿಯವನ ತಳ್ಳುಗಾಡಿ ನಿಂತಿತು. ಗಾಡಿಯಿಂದ ಕೈಯೂರಿ ಇಳಿದವನು ಅವಳ ಗಂಡ. ಬೆಸುಗೆಯವನು ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟಿದ್ದ, ನೀರು ಹಚ್ಚಿ ತಲೆ ಬಾಚಿದ್ದ. ಸೊಂಟ ಎತ್ತುತ್ತ, ಅಂಗೈ ಊರುತ್ತ, ಕಾಲುಗಳನ್ನು ಹಿಂದೆ ಎಳೆಯುತ್ತ ರ‍್ಯಾಂಪು ಹತ್ತತೊಡಗಿದ. ಬಾಗಿಲು ಅವನ ಮುಂದೆಯೂ ತಾನಾಗಿ ತೆರೆದುಕೊಂಡಿತು. ಅದಕ್ಕೆ ಮನುಷ್ಯರ ಗುರುತಿಲ್ಲ.

"ಯಾರ್ರೀ ಅದು? ಫ್ರೇಮ್ ಒಳಗೇ ಬಂದ್ಬಿಟ್ಟ!" ಅಂದ ಆರ್ಕಿಟೆಕ್ಟು.

ಸೂಪರ್‌ವೈಸರು ಓಡಿಹೋದ. "ಭಿಕ್ಷುಕ ಸಾರ್. ಏಯ್, ಎದ್ದು ಹೋಗೋ!"

"ಏಳೋಕಾಗಿದ್ರೆ ನಡ್ಕೊಂಡೇ ಬರ್ತಿದ್ನಲ್ಲೋ ಬೋಳಿಮಗನೆ. ಭಿಕ್ಷುಕ ನಿಮ್ಮಪ್ಪ. ನಾನು ನೋಡೋಕೆ ಬಂದೋನು. ನನ್ನ ಹೆಂಡ್ತಿ ಇಲ್ಲೇ ಕೆಲಸ ಮಾಡ್ತಾಳೆ, ಕೇಳು ಬೇಕಾದ್ರೆ."

ಮಾತಿಗೆ ಮಾತು ಬೆಳೆಯಿತು. ಬೆಸುಗೆಯವನ ಕಣ್ಣು ಹಜಾರವನ್ನೆಲ್ಲ ಹುಡುಕಿ ಗೋಡೆಯ ಬಿರುಕಿನ ಮೇಲೆ ನಿಂತಿತು. ಸೂಪರ್‌ವೈಸರೂ ಅತ್ತ ತಿರುಗಿ ಬಾಗಿಲನ್ನು ಕಿತ್ತು ತೆರೆದ. "ಏನೇ, ನಿನ್ನನ್ನೇ ನೋಡ್ತಾನೆ. ಗೊತ್ತಾ ಇವ್ನು?"

ಗಾರೆಯಕ್ಕನ ತಲೆ ಅಡ್ಡಡ್ಡ ಆಡಿತು. ತಾನು ಆಡಿಸಿದಳೋ, ಭಯವೇ ಕುತ್ತಿಗೆ ಹಿಡಿದು ಆಡಿಸಿತೋ, ಅವಳಿಗೇ ತಿಳಿಯಲಿಲ್ಲ.

ಬೆಸುಗೆಯವನ ಬಾಯಿ ಅಲ್ಲಿಗೆ ಕಟ್ಟಿತು. ಅಷ್ಟು ಹೊತ್ತು ಹುಲಿಯಂತೆ ಜಗಳಕ್ಕೆ ನಿಂತವನು, ಕಾವಲುಗಾರರು ಕಂಕುಳಿಗೆ ಕೈಹಾಕಿ ಎತ್ತಿದಾಗ ಕೊಸರಲಿಲ್ಲ. ಅವರು ಅವನನ್ನು ಮುಂಬಾಗಿಲಿನಿಂದ ಒಯ್ಯಲಿಲ್ಲ, ತೀರ್ಪುಗಾರರು ಆ ಕಡೆಯಿಂದಲೇ ಬರುವವರಲ್ಲವೇ. ಹಿಂದೆ ಕಸದ ಡಬ್ಬಿಗಳ ಅಂಗಳದಲ್ಲಿ ಬಿಸಾಡಿ ಬಂದರು.

ಗೋಡೆಯೊಳಗಿನ ಕತ್ತಲಲ್ಲಿ ಗಿಡ್ಡಿ ಅವಳ ರಟ್ಟೆ ಹಿಡಿದಳು. ಅಳತೆಗೆ ಕುಳ್ಳಿಯಾದರೂ ಬಾಯಲ್ಲಿ ಎತ್ತರದವಳು, ಕಟ್ಟಡ ಏಳುವ ದಿನಗಳಿಂದಲೂ ಜೊತೆಗಿದ್ದವಳು. "ಏನಕ್ಕಾ ಇದು? ಹೊಟ್ಟೇಲಿ ಹುಟ್ಟಿದೋರು ಹಿಂಗೆ ಮಾಡಿದ್ರೆ ಉಗೀತಿದ್ದೆ ನೀನು."

"ಕೆಲಸ ಹೋಗ್ತಿತ್ತು ಕಣೆ."

"ಹೋಗ್ಲಿ ಬಿಡೇ! ಗುಡ್ಸೋಕೆ ಊರಲ್ಲಿ ಕಸಕ್ಕೇನು ಬರಗಾಲವಾ?"

ಅಷ್ಟರಲ್ಲಿ ಹೊರಗೆ ಫೋಟೋದವರು ವಿರಾಮ ಅಂದರು. ಗಾಲಿಕುರ್ಚಿಯ ಹುಡುಗಿ ಪುಸ್ತಕವನ್ನು ಬದಿಗಿಟ್ಟು, ಎದ್ದು, ಮೈಮುರಿದು, ಟಕಟಕ ಹೆಜ್ಜೆ ಹಾಕುತ್ತ ನೀರಿನ ಬಾಟಲಿಯ ಕಡೆಗೆ ಹೋದಳು.

ಗಿಡ್ಡಿ ಬಾಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯಯ್ಯೋ, ನೋಡ್ರೇ! ಕಾಲು ಬಂತು ಅವಳಿಗೆ!"

ಹೆಂಗಸರೆಲ್ಲ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕರು. ಗಾರೆಯಕ್ಕನಿಗೂ ನಗು ಬಂತು. ಅರ್ಧ ದಾರಿಯಲ್ಲಿ ಅದು ನಗುವಾಗಿ ಉಳಿಯಲಿಲ್ಲ. ಅವಳು ಬಾಗಿಲನ್ನು ತಳ್ಳಿ ಹೊರಗೆ ಬಂದಳು, ಎಲ್ಲರೂ ನೋಡುತ್ತಿದ್ದಂತೆ ಗಾಲಿಕುರ್ಚಿ ಹಿಡಿದಳು, ಮುಂಬಾಗಿಲಿನಿಂದಲೇ ಅದನ್ನು ತಳ್ಳಿಕೊಂಡು ರ‍್ಯಾಂಪು ಇಳಿದಳು. ಒರೆಸಲು ಒಯ್ಯುತ್ತಿದ್ದಾಳೆ ಎಂದುಕೊಂಡು ಯಾರೂ ತಡೆಯಲಿಲ್ಲ.

ಬೆಸುಗೆಯವನು ಕಸದ ಡಬ್ಬಿಗೆ ಒರಗಿ ಕೂತಿದ್ದ. ಅಂಗಿಯ ಕಂಕುಳು ಹರಿದಿತ್ತು. ಅವಳನ್ನು ನೋಡಿ ಮುಖ ತಿರುಗಿಸಿದ.

"ಯಾರಮ್ಮ ನೀನು? ಗುರುತು ಸಿಗ್ಲಿಲ್ಲ."

"ಬಯ್ಯಿ. ಹೊಡಿ ಬೇಕಾದ್ರೆ. ಮೊದ್ಲು ಹತ್ತು."

"ಒಬ್ಬಳೇ ಬದುಕ್ಕೋ ಹೋಗೇ. ನನ್ನಿಂದ ನಿನ್ನ ಕೆಲ್ಸಕ್ಕೆ ಯಾಕೆ ಕುತ್ತು?"

"ಕೆಲಸದ ಮನೆ ಹಾಳಾಗ." ಅವಳು ಮಂಡಿಯೂರಿ ಅವನ ಎರಡೂ ಕೈಗಳನ್ನು ತನ್ನ ಕತ್ತಿಗೆ ಸುತ್ತಿಕೊಂಡಳು. ದಿನಾ ಮಂಚದಿಂದ ಎತ್ತಿ ಇಳಿಸುವ ಮೈ; ಇವತ್ತು ಅವನು ಬೇಕೆಂದೇ ಭಾರ ಬಿಟ್ಟಿದ್ದ. "ತಲೆ ಆಡಿಸಿಬಿಟ್ಟೆ ಕಣಯ್ಯ. ಆಡಿಸಿದ್ದು ಹೌದು. ನಾಳೆಯಿಂದ ಎಷ್ಟು ದಿನ ಬೇಕಾದ್ರೂ ಮಾತು ಬಿಡು. ಈಗ ಬಾ, ನೋಡು, ಆಮೇಲೆ ನನ್ನ ಮುಖಕ್ಕೆ ಉಗಿ."

ಕತ್ತಿಗೆ ಸುತ್ತಿದ ಅವನ ಕೈಗಳು ಬಿಗಿಯಾದವು. ಭಾರ ಹಗುರಾಯಿತು.

ಅವಳು ಕುರ್ಚಿ ತಳ್ಳುತ್ತ ರ‍್ಯಾಂಪು ಹತ್ತಿ ಹಜಾರದೊಳಕ್ಕೆ ಬರುವುದಕ್ಕೂ ತೀರ್ಪುಗಾರರು ಒಳಗೆ ಬಂದು ಮೇಲೆ ನೋಡುತ್ತ ನಿಲ್ಲುವುದಕ್ಕೂ ಸರಿಹೋಯಿತು. ಸೂಪರ್‌ವೈಸರು ಹಲ್ಲು ಕಚ್ಚಿಕೊಂಡು ಬಂದು ಕುರ್ಚಿಯ ಹಿಡಿಗೆ ಕೈಹಾಕಿದ. "ಲೌಡಿ, ಈ ಕುಂಟನ್ನ ಕಟ್ಕೊಂಡು ಎಲ್ಲಿಗೆ ಬಂದೆ?"

"ಕಟ್ಕೊಂಡೇ ಹದಿನಾರು ವರ್ಷ ಆಯ್ತು, ಈಗ ಕೇಳ್ತೀಯಲ್ಲೋ!" ಅವಳ ಗಂಟಲಿನಿಂದ ಹೊರಟ ದನಿ ಅವಳಿಗೇ ಹೊಸದು. "ಇವ್ನು ನನ್ನ ಗಂಡ. ಈ ಸೂರಿಗೆ ಬೆಸುಗೆ ಹಾಕಿದೋನು. ಅಲ್ಲಿಂದ ಬಿದ್ದೋನು. ಬಲೆ ಕಟ್ಟಿರಲಿಲ್ಲ. ಇವ್ನು ಕುಡಿದಿರಲಿಲ್ಲ!"

ಗಾಜಿನ ಸೂರು ಆ ಮಾತನ್ನೂ ಹಿಡಿದು, ಸುತ್ತಿಸಿ, ಕೆಳಗಿಳಿಸಿತು. ಮೆಟ್ಟಿಲ ಮೇಲೆ ಓದುತ್ತಿದ್ದವರು ತಲೆಯೆತ್ತಿದರು.

ಆರ್ಕಿಟೆಕ್ಟನ ಮುಖ ಬಿಳಿಚಿತು, ಕೂಡಲೇ ಸರಿಹೋಯಿತು. ಅವನು ಸೂಪರ್‌ವೈಸರನ್ನು ಮೆಲ್ಲಗೆ ಬದಿಗೆ ಸರಿಸಿ, ನಗುತ್ತ ಬಂದು ಬೆಸುಗೆಯವನ ಹೆಗಲ ಮೇಲೆ ಕೈಯಿಟ್ಟ. "ಬನ್ನಿ, ಬನ್ನಿ. ಇವರು ನಮ್ಮ ಬೆಸುಗೆಯವರು. ಮೇಲಿರೋ ಕೆಲಸ ಇವರ ಕೈಯದು. ಇಂಥವರಿಗೋಸ್ಕರವೇ ನಾವು ಈ ರ‍್ಯಾಂಪ್ ಮಾಡಿದ್ದು." ತೀರ್ಪುಗಾರರಲ್ಲಿ ಒಬ್ಬ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಆರ್ಕಿಟೆಕ್ಟು ಫೋಟೋದವನಿಗೆ ಸನ್ನೆ ಮಾಡಿದ. "ತಗೋ, ಇದನ್ನ ತಗೋ. ನೀವು ಸ್ವಲ್ಪ ಮೇಲೆ ನೋಡಿ. ಬೆಳಕು ನೋಡಿ. ಹಾಂ, ನಗಿ."

ಬೆಸುಗೆಯವನು ಮೇಲೆ ನೋಡಿದ. ಬಹಳ ಹೊತ್ತು ನೋಡಿದ. ಕಬ್ಬಿಣದ ಪಕ್ಕೆಲುಬುಗಳ ನಡುವಿನಿಂದ ಬಿಸಿಲು ಇಳಿದು, ನೆಲದ ಮೇಲೆ ಗೆರೆಗೆರೆಯಾಗಿ, ಅವನ ಮಂಡಿಗಳ ಮೇಲೂ ಬಿದ್ದಿತ್ತು. ಚೆನ್ನಾಗಿದೆ ಎನ್ನುವನೇನೋ ಎಂದು ಗಾರೆಯಕ್ಕ ಬಗ್ಗಿದಳು.

"ಸಾಹೇಬ್ರೆ," ಅಂದ ಅವನು, "ಕುಡಿದಿದ್ದ, ನಾನೂ ನೋಡಿದೆ ಅಂದೋರು ನೀವೇ ಅಲ್ವಾ?"

"ಅದೆಲ್ಲ ಹಳೇ ಮಾತು ಬಿಡಿಪ್ಪ." ಆರ್ಕಿಟೆಕ್ಟನ ನಗು ಅಲುಗಲಿಲ್ಲ. "ಈಗ ನಗಿ. ಒಂದೇ ನಿಮಿಷ."

ಬೆಸುಗೆಯವನು ಕುರ್ಚಿಯ ತೋಳುಗಳ ಮೇಲೆ ಕೈಯೂರಿ ಸರಕ್ಕನೆ ನೆಲಕ್ಕೆ ಜಾರಿದ. ಹೊಳೆಯುವ ಆ ನೆಲದ ಮೇಲೆ ಅಂಗೈ ಸಪ್ಪಳ ಮಾಡುತ್ತ, ಕಾಲೆಳೆಯುತ್ತ ಹಜಾರದ ನಡುವಿಗೆ ಹೋದ. ಕಾವಲುಗಾರರು ಆರ್ಕಿಟೆಕ್ಟನ ಮುಖ ನೋಡಿದರು. ಆರ್ಕಿಟೆಕ್ಟು ತೀರ್ಪುಗಾರರ ಮುಖ ನೋಡಿದ.

"ನಾನು ಬಿದ್ದಿದ್ದು ಎಲ್ಲಿ ಕಣೆ? ಇಲ್ಲೇನಾ?"

ಆವತ್ತು ಬಾಂಡ್ಲಿ ಬಿಸಾಡಿ ಓಡಿಬಂದವಳು ಅವಳು. "ಇನ್ನೂ ಆಚೆ. ಆಗ ಮರಳಿನ ರಾಶಿ ಹಾಕಿದ್ರಲ್ಲ, ಅದನ್ನ ದಾಟಿ. ಹಾಂ. ಅಲ್ಲೇ."

ಅವನು ಅಂಗಾತ ಮಲಗಿದ. ಒಂದು ತೋಳನ್ನು ಬೆನ್ನಡಿಗೆ ಸೇರಿಸಿದ. ಅವಳು ಬಂದು ಅವನ ಎಡಗಾಲನ್ನು ಎತ್ತಿ, ಮಂಡಿಯಲ್ಲಿ ಮಡಿಸಿ, ಆವತ್ತು ಹೊರಳಿದ್ದ ಹಾಗೆ ಹೊರಗೆ ಹೊರಳಿಸಿದಳು. ಆಮೇಲೆ ನೆಲದ ಮೇಲೆ ಕೂತು ಅವನ ತಲೆಯನ್ನು ತೊಡೆಗೆ ಎತ್ತಿಕೊಂಡಳು.

"ಈಗ ತೆಗೀರಿ," ಅಂದ ಬೆಸುಗೆಯವನು.

ಫೋಟೋದವನ ಕೈ ಕ್ಯಾಮೆರಾದ ಮೇಲೆ ಇದ್ದ ಹಾಗೇ ಇತ್ತು. "ಏಳಿಸ್ರೋ ಇವರನ್ನ!" ಎಂದು ಸೂಪರ್‌ವೈಸರು ಅರಚಿದ. ಗೋಡೆ ತೆರೆಯಿತು. ಗಿಡ್ಡಿ ಮುಂದೆ, ಉಳಿದ ಹೆಂಗಸರು ಹಿಂದೆ, ನೆಲ ಒದ್ದೆಯಿದ್ದಾಗ ನಿಲ್ಲಿಸುವ ಹಳದಿ ಹಲಗೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಹಜಾರದ ನಡುವಿನಲ್ಲಿ ನಡೆದುಬಂದರು. ಗಂಡಹೆಂಡಿರ ಸುತ್ತ ಒಂದೊಂದನ್ನೇ ಬಿಡಿಸಿ ನಿಲ್ಲಿಸಿ, ಅದರ ಪಕ್ಕದಲ್ಲಿ ತಾವೂ ನಿಂತರು. ಪ್ರತಿ ಹಲಗೆಯ ಮೇಲೂ, ಕಾಲು ಮೇಲಾಗಿ, ಕೈ ಚಾಚಿಕೊಂಡು ಬೀಳುತ್ತಿರುವ ಕರಿಯ ಮನುಷ್ಯನೊಬ್ಬನ ಚಿತ್ರವಿತ್ತು.