ಅಳಿಸಿ ಹೋಗುವವುಗಳ ಪಟ್ಟಿ

ಕಮಲಾಪುರದ ಕೆಂಪುಬಾಳೆ ಬೆಳೆಗಾರರ ಸಂಘದ ವೆಬ್‌ಸೈಟ್ ಕಟ್ಟಿದವಳು ಅಂಬರೀನ್. ತೋಟದ ನಮೂನೆಗೆ ‘ರೋಗ ಕಂಡ ದಿನ’ ಎಂಬ ಕಲಮು ಸೇರಿಸಲು ಕಲಬುರಗಿಯಿಂದ ಹತ್ತರ ಬಸ್ಸಿಗೆ ಬಂದಿದ್ದಳು.

ನಮೂನೆ, ಪಟ್ಟಿ, ಸೈಟಿನ ಎಲ್ಲ ಸೆಟ್ಟಿಂಗುಗಳನ್ನೂ ಅವಳು ಸೈಟಿಗೆ ಜೋಡಿಸುವ ಒಂದೇ ಮಾಡ್ಯೂಲಿನೊಳಗೆ ಗಂಟು ಕಟ್ಟಿಟ್ಟಿದ್ದಳು. ನಾಳೆ ಬೇರೆ ಸಂಘದವರು ಕೇಳಿದರೆ ಅದನ್ನೇ ಒಯ್ದು ಬಿಚ್ಚಿದರಾಯಿತು. ಈಗ ಆ ಗಂಟಿನೊಳಗೆ ಹೊಸ ಕಲಮು ಬರೆದಳು. ಸೈಟಿನಲ್ಲಿ ಅದು ಕಾಣಲಿಲ್ಲ. ಮಾಡ್ಯೂಲನ್ನು ಮೊದಲ ಸಲ ಹಾಕುವಾಗಷ್ಟೇ ಸೈಟು ಗಂಟು ಬಿಚ್ಚಿ ನೋಡುವುದು. ಕಲಬುರಗಿಯ ಗಾಜಿಪುರದ ಆಫೀಸಿನಿಂದ ಜೊತೆಗಾರ ಮಹಾದೇವ ಫೋನಿನಲ್ಲಿ, ತೆಗೆದು ಮತ್ತೆ ಹಾಕು, ಎರಡು ನಿಮಿಷದ ಕೆಲಸ ಎಂದ.

ಅವಳು ತೆಗೆಯುವ ಗುಂಡಿ ಒತ್ತಿದಳು. ಖಂಡಿತ ತೆಗೆಯಲೇ ಎಂದು ಪರದೆ ಇನ್ನೊಮ್ಮೆ ಕೇಳಿತು. ಕೆಳಗೊಂದು ಉದ್ದನೆಯ ಪಟ್ಟಿ ಬಂತು.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಜಯದೇವಿ ಚಹಾ ತಂದಳು. ಮೂರು ತಿಂಗಳು ತೋಟ ತೋಟ ಅಲೆದು, ಯಾರ ಬಾಳೆಯ ಬುಡದ ಕಂದು ಯಾರ ತೋಟಕ್ಕೆ ನೆಡಲು ಹೋಗಿದೆ ಎಂದು ಕೇಳಿ ಸೈಟಿಗೆ ತುಂಬಿದವಳು ಅವಳೇ. ರೋಗದ ತೋಟದ ಒಂದು ಕಂದು ಸಾಕು, ಹತ್ತು ತೋಟ ಕೆಡಲು. ಆಕೆ ಹೇಳಿದ ಮಾತಿನಲ್ಲೇ ಅಂಬರೀನ್ ಕಲಮುಗಳಿಗೆ ಹೆಸರಿಟ್ಟಿದ್ದಳು. ಜಯದೇವಿ ಪರದೆಯತ್ತ ಬಗ್ಗಿ ಪಟ್ಟಿ ಓದಿದಳು.

“ತಾಯಿಗಿಡ ಯಾರ ತೋಟದ್ದು, ಕಂದು ಕಿತ್ತವರು ಯಾರು... ಇವು ನನ್ನ ಮಾತಲ್ಲೇನು? ಮ್ಯಾಲ ಏನ್ ಬರದದ?”

ಅಂಬರೀನ್‌ಗೆ ಆಗ ನೆನಪಾಯಿತು. ಮಾಡ್ಯೂಲು ಹೋಗುವಾಗ ತಾನು ಹಾಕಿದ್ದನ್ನೆಲ್ಲ ತನ್ನ ಸಂಗಡವೇ ಒಯ್ಯಲಿ, ಕಸ ಉಳಿಯಬಾರದು ಎಂದು ಒಂದು ಸಾಲು ಬರೆದಿದ್ದಳು. ಕಲಮು ಹೋದರೆ ಅದರೊಳಗೆ ತುಂಬಿದ್ದೂ ಹೋಗುತ್ತದೆ.

“ಇವನ್ನ ಅಳಸ್ತೀನಿ ಅಂತದ ರೀ, ಅಕ್ಕಾರ.”

ಜಯದೇವಿ ಕಪ್ಪು-ಬಸಿಯನ್ನು ಮೇಜಿನ ಮೇಲಿಟ್ಟಳು. ಒಂದಿಷ್ಟು ಚಹಾ ಚೆಲ್ಲಿತು.

ಅಂಬರೀನ್ ಮತ್ತೆ ಫೋನ್ ಹಚ್ಚಿ, ಸೈಟಿನ ಕಾಯ್ದಿಟ್ಟ ಇನ್ನೊಂದು ಪ್ರತಿ ಯಾವತ್ತಿನದು ಎಂದು ಕೇಳಿದಳು. ಸೈಟು ಶುರುವಾದ ವಾರದ್ದು ಎಂದ ಮಹಾದೇವ. ಅಂದರೆ ಬರಿದು. ತೋಟದಲ್ಲಿ ಬರಕೊಂಡ ಚೀಟಿಗಳು ಇವೆಯೇ ಎಂದು ಜಯದೇವಿಯನ್ನು ಕೇಳಿದಳು.

“ಕಂಪ್ಯೂಟರಿಗೆ ಹಾಕಿದ ಮ್ಯಾಲ ಚೀಟಿ ಯಾಕ ಅಂತ ನೀನೇ ಅಂದಿದ್ದಿ. ನೀರ ಕಾಸಾಕ ಒಲಿಗೆ ಹಾಕೀನಿ.” ಜಯದೇವಿ ಅಂದಳು, “ಉಳದವರನ್ನ ಮತ್ತ ಕೇಳಬಹುದು. ಮಾಣಿಕಪ್ಪ ಹ್ವಾದನಲ್ಲ.”

ನಲವತ್ತು ವರ್ಷ ಊರಿಗೆಲ್ಲ ಕಂದು ಕಿತ್ತುಕೊಟ್ಟ ಮಾಣಿಕಪ್ಪ ಹೋದ ತಿಂಗಳು ತೀರಿಕೊಂಡಿದ್ದ. ಅವನು ಹೇಳಿದ್ದು ಇದರೊಳಗೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಪರದೆಯ ಬಾಣ ಇನ್ನೂ ಒಪ್ಪಿಗೆಯ ಗುಂಡಿಯ ಮೇಲೇ ನಿಂತಿತ್ತು. ಅಂಬರೀನ್ ಮೌಸನ್ನು ಹಾಗೇ ಎತ್ತಿ, ಅಂಗಾತ ಮಾಡಿ ದೂರ ಇಟ್ಟಳು. ಕೀಲಿಮಣೆಯಿಂದಲೇ ಆ ಪುಟ ಮುಚ್ಚಿದಳು. ಮಾಣಿಕಪ್ಪನ ಹೆಸರು ಹುಡುಕುವಾಗ ಎರಡು ಸಲ ತಪ್ಪು ಕೀಲಿ ಒತ್ತಿದಳು. ಸಿಕ್ಕಿತು.

ಹೊಸ ಕಲಮನ್ನು ಪರದೆಯ ಮೇಲೇ ಕೈಯಾರೆ ಸೇರಿಸುತ್ತೇನೆ, ಹೊತ್ತು ಹಿಡಿಯುತ್ತದೆ ಎಂದು ಅವಳು ಹೇಳುತ್ತಿದ್ದಳು. ಜಯದೇವಿ ಅದಕ್ಕೆ ಕಾಯಲಿಲ್ಲ. ಕಪಾಟಿನಿಂದ ಹೊಸ ವಹಿ ತೆಗೆದು, ಬರಕೊಳ್ಳಲು ಎದುರು ಕುಂತಿದ್ದಳು.

“ಅದು ಆಮ್ಯಾಲ ಮಾಡು, ತಂಗಿ. ಮೊದಲ ಮಾಣಿಕಪ್ಪಂದು ಓದು. ಸಾವಕಾಶ ಓದು.”