ನಲವತ್ತೈದು ಸುತ್ತು

ತಿರುಗುತ್ತಿದ್ದ ರೆಕಾರ್ಡಿನ ಮೇಲೆ ಈಜು ಟೀಚರ್ ಹೆಬ್ಬೆರಳು ಇಟ್ಟುಬಿಟ್ಟರು. ಹಾಡು ಗೊರಕೆಯಂತೆ ಎಳೆದು ನಿಂತುಹೋಯಿತು.

"ಸೂಜಿ, ಸೂಜಿ," ಎನ್ನುತ್ತ ಜೇಡ ಕುರ್ಚಿ ಬಿಟ್ಟು ಎದ್ದ.

"ಸೂಜಿಗೇನೂ ಆಗಲ್ಲ, ಕೂತ್ಕೋ. ಇದನ್ನ ಬೇಗ ತಿರುಗಿಸೋಕೆ ಎಲ್ಲಿ ಒತ್ತಬೇಕು?"

ಎಲ್ಲಿ ಒತ್ತಬೇಕೆಂದು ನಮ್ಮ ಮೂವರಿಗೂ ಗೊತ್ತಿತ್ತು. ಪ್ಲೇಯರಿನ ಬಲಮೂಲೆಯಲ್ಲಿ ಉಗುರಿನಷ್ಟು ದೊಡ್ಡ ಗುಂಡಿ. ಒಂದು ಕಡೆ ಮೂವತ್ತಮೂರು, ಇನ್ನೊಂದು ಕಡೆ ನಲವತ್ತೈದು. ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. ಹನ್ನೊಂದು ವಾರಗಳಿಂದ ಅದು ಮೂವತ್ತಮೂರರಲ್ಲೇ ಕೂತಿತ್ತು.

ನಮ್ಮ ಸ್ಟುಡಿಯೋ ಎಂದರೆ ಕನ್ನಡಕದಂಗಡಿಯ ಮೇಲಿನ ಒಂದು ಕೋಣೆ. ಅಕ್ಕ ನಮಗ್ಯಾರಿಗೂ ಸ್ವಂತ ಅಕ್ಕನಲ್ಲ, ಸ್ಟುಡಿಯೋ ಶುರು ಮಾಡಿದವಳು. ವೆಬ್ ಪುಟ ಕಟ್ಟುವವನಿಗೆ ಜೇಡ ಎಂದು ಹೆಸರಿಟ್ಟವಳೂ ಅವಳೇ. ನಾನು ಅಕ್ಷರ ಬರೆಯುವವಳು. ವಾರವಿಡೀ ಮಾತ್ರೆಯ ಡಬ್ಬಿ, ದಂತವೈದ್ಯರ ಬೋರ್ಡು, ಯಾರೂ ನೋಡದ ಕಂಪನಿಗಳ ವೆಬ್‌ಸೈಟು. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಮಾತ್ರ ನಮ್ಮ ಸ್ವಂತ ಕೆಲಸ. ಹಳೇ ಸಾಮಾನಿನವನ ಹತ್ತಿರ ರಟ್ಟಿನ ಹೊದಿಕೆಯ ಚಂದಕ್ಕೆಂದು ಕೊಂಡ ರೆಕಾರ್ಡುಗಳಲ್ಲಿ ಒಂದನ್ನು ಹಾಕುತ್ತೇವೆ. ಹಾಡು ಇರುವಷ್ಟು ಹೊತ್ತು ಮೂವರೂ ಚಿತ್ರ ಬರೆಯಬೇಕು. ಹಾಡು ಮುಗಿದರೆ ಕೈ ಎತ್ತಬೇಕು. ಮೂಗು ಬರೆಯುವುದು ಉಳಿದಿದ್ದರೆ ಆ ಮುಖಕ್ಕೆ ಮೂಗಿಲ್ಲ. ಹಾಡನ್ನೂ ಚಿತ್ರಗಳನ್ನೂ ಜೇಡ ನಮ್ಮ ಪುಟಕ್ಕೆ ಹಾಕುತ್ತಾನೆ. ಇನ್ನೂರು ಜನ ನೋಡುತ್ತಿದ್ದರು. ಅದರಲ್ಲಿ ಅರ್ಧ ಅಕ್ಕನ ನೆಂಟರು.

ಆಮೇಲೆ ಈ ಹಾಡು ಬಂತು. ಹೊದಿಕೆ ಇಲ್ಲ, ನಡುವಿನ ಕಾಗದ ಬರೀ ಬಿಳಿ, ಒಂದಕ್ಷರ ಇಲ್ಲ. ಎಷ್ಟು ವೇಗಕ್ಕೆ ತಿರುಗಿಸಬೇಕು ಎಂದು ಹೇಳುವವರು ಯಾರು? ಹಾಕಿದೆವು. ಬಾವಿಯ ತಳದಿಂದ ಎದ್ದ ಹಾಗೆ ಒಬ್ಬ ಗಂಡಸಿನ ದನಿ. ಹೂಜಿ ಅಲ್ಲೇ ಇದೆ, ನೀರೂ ಅಲ್ಲೇ ಇದೆ, ನಿನಗೂ ಎರಡು ಕೈ ಇವೆ. ಇಷ್ಟೇ ಸಾಲು, ತಿರುತಿರುಗಿ. ಕೊನೆಯಲ್ಲಿ ದೂರದಲ್ಲೆಲ್ಲೋ ಬಾಗಿಲು ಮುಚ್ಚಿದಂಥ ಸದ್ದು. ನಾನು ಬರೆಯುತ್ತಲೇ ಅತ್ತೆ. ಎಂಟು ಲಕ್ಷ ಜನ ಕೇಳಿದರು. ದೇಹವೇ ಹೂಜಿ ಎಂದು ಒಬ್ಬರು ಬರೆದರೆ, ಅಲ್ಲ, ನೆನಪೇ ಹೂಜಿ ಎಂದು ಇನ್ನೊಬ್ಬರು ಅವರ ಮೇಲೆ ಏರಿಹೋದರು. ಹಾಡಿದವನಿಗೆ ಜನರೇ 'ಅನಾಮಿಕ' ಎಂದು ಹೆಸರಿಟ್ಟರು.

ಸಂಗೀತ ಕಂಪನಿಯೊಂದು ಅದನ್ನು ಇದ್ದ ಹಾಗೇ ಹೊಸ ರೆಕಾರ್ಡಿಗೆ ಹಾಕಿ ಮಾರುತ್ತೇವೆ ಎಂದಿತು. ಹೊದಿಕೆ ನಮ್ಮದು, ಮೇಲಿನ ಅಕ್ಷರ ನನ್ನದು. ನಾನು ಮೂರು ವಾರ ಕೂತು, ನೀರಲ್ಲಿ ನೆನೆದ ಹಗ್ಗದಂತೆ ಜೋತುಬಿದ್ದ ಅಕ್ಷರಗಳನ್ನು ಬರೆದಿದ್ದೆ. ಹೊದಿಕೆ ತೂಗುಹಾಕಲೆಂದು ನನ್ನಮ್ಮ ಆಗಲೇ ಗೋಡೆಗೆ ಮೊಳೆ ಹೊಡೆಸಿದ್ದಳು. ಕಂಪನಿಯವರು ಈ ಶುಕ್ರವಾರ ನಾಲ್ಕಕ್ಕೆ ಬರುವವರಿದ್ದರು.

ಮೂರೂ ಇಪ್ಪತ್ತಕ್ಕೆ ಈ ಟೀಚರ್ ಮೆಟ್ಟಿಲು ಹತ್ತಿ ಬಂದಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಹೆಗಲಿಗೆ ಒದ್ದೆ ಚೀಲ, ಕೂದಲಲ್ಲಿ ಈಜುಕೊಳದ ಔಷಧಿ ವಾಸನೆ. "ಅನಾಮಿಕ ಅಂದ್ರೆ ನಾನೇ," ಅಂದಿದ್ದರು. "ಅಣ್ಣನ ಮೊಮ್ಮಗಳು ಫೋನಲ್ಲಿ ಕೇಳಿಸಿದಳು. ಇದ್ಯಾವ ಕೋಣ ನನ್ನ ಹಾಡು ಕದ್ದು ಹಾಡ್ತಿದೆ ಅಂದ್ಕೊಂಡೆ. ಆಮೇಲೆ ಕೊನೇಲಿ ಕೋಲು ಬಿತ್ತಲ್ಲ, ಆಗ ಗೊತ್ತಾಯ್ತು, ಕೋಣ ನಾನೇ."

ಟೀಚರ್ ರೆಕಾರ್ಡಿನಿಂದ ಹೆಬ್ಬೆರಳು ತೆಗೆದರು. ಅಕ್ಕ ಗುಂಡಿಯನ್ನು ನಲವತ್ತೈದಕ್ಕೆ ತಳ್ಳಿ ಸೂಜಿಯನ್ನು ಮೊದಲಿಗೆ ಇಟ್ಟಳು.

ಬಾವಿಯೂ ಇಲ್ಲ, ಗಂಡಸೂ ಇಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತ ಹುಡುಗಿಯ ದನಿ, ಚೂಪಾದದ್ದು, ನಗು ತಡೆದುಕೊಂಡು ಬೈಯುವಂಥದ್ದು. ಹೂಜಿ ಅಲ್ಲೇ ಇದೆ! ಡ್ರಮ್ಮು ಅವಳ ಹಿಂದೆಯೇ ಓಡಿ ಬರುತ್ತಿತ್ತು. ಅಭ್ಯಾಸಬಲ, ಶುಕ್ರವಾರ ಬೇರೆ, ನಾನು ಕುಂಚ ಎತ್ತಿಕೊಂಡುಬಿಟ್ಟಿದ್ದೆ. ಕೈ ಹಾಡಿನ ಜೊತೆ ಸಾಗಲಿಲ್ಲ. ಹಾಳೆಯ ಮೇಲೆ 'ಹೂಜಿ' ಮುಗಿದು 'ಅಲ್ಲೇ' ಅರ್ಧಕ್ಕೆ ಬರುವಷ್ಟರಲ್ಲಿ ಟಣ್ಣೆಂದು ಏನೋ ಬಿದ್ದು ಹಾಡು ನಿಂತಿತು. ನಿಯಮದ ಪ್ರಕಾರ ಕೈ ಎತ್ತಿದೆ.

"ಆ ಬಾಗಿಲು..." ಎಂದ ಜೇಡ.

"ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ. ಡ್ರಮ್ಮಿನವನ ಕೋಲು ಕೈಜಾರಿದ್ದು. ನನ್ನ ಗೆಳತಿಯ ತಮ್ಮ. ಯಾವತ್ತೂ ಕೊನೇಲಿ ಬೀಳಿಸೋನು."

"ಮತ್ತೆ ಹೂಜಿ?" ಅಂದೆ ನಾನು.

"ನಮ್ಮಣ್ಣ ಮಂಚದ ಮೇಲೆ ಬಿದ್ಕೊಂಡು 'ನೀರು' ಅಂತ ಕೂಗೋನು. ಹೂಜಿ ಅವನ ತಲೆ ಹತ್ರಾನೇ ಇರೋದು. ಅದಕ್ಕೇ ಕಟ್ಟಿದ ಹಾಡು. ಬೇರೇನು?"

ಅಕ್ಕ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ನನಗೆ ನಗು ಬರಲಿಲ್ಲ.

"ಟೀಚರ್, ಬೇಜಾರು ಮಾಡ್ಕೋಬೇಡಿ," ಅಂದೆ. "ನಿಧಾನದ್ದು ತಪ್ಪೇ ಇರಬಹುದು. ಆದ್ರೆ ಅದು ಚೆನ್ನಾಗಿದೆ. ನಾನು ಅತ್ತಿದ್ದೀನಿ ಅದಕ್ಕೆ."

"ಅತ್ತಿದ್ದು ಈ ಪ್ಲೇಯರಿನ ಮೋಟಾರಿಗೆ ಕಣಮ್ಮ. ನನಗಲ್ಲ." ಅವರು ಚೀಲವನ್ನು ನೆಲಕ್ಕಿಟ್ಟು ಕೂತರು. "ಆಗ ನನಗೆ ಇಪ್ಪತ್ನಾಲ್ಕು. ಗಾಜಿನ ಆ ಕಡೆ ರೆಕಾರ್ಡ್ ಮಾಡೋನು ಕೂತಿದ್ದ. ನಿನ್ನ ದನಿ ಕಿವಿಗೆ ಚುಚ್ಚುತ್ತೆ, ಕೆಳಗಿಳಿಸು ಅಂದ. ನಿಧಾನಕ್ಕೆ ಹಾಡು, ಒಂಚೂರು ಅಳು ಸೇರಿಸು ಅಂದ. ಆಗಲ್ಲ ಅಂದೆ. ನಾಲ್ಕು ಪ್ರತಿ ಮಾದರಿಗೆ ಮಾಡಿ ಎಸೆದುಬಿಟ್ಟ. ನಾನು ಈಜು ಕಲಿಸೋಕೆ ಕೊಳಕ್ಕೆ ಹೋದೆ. ಮೂವತ್ತಾರು ವರ್ಷ ಈ ದನಿ ಆ ದಡಕ್ಕೆ ಮುಟ್ಟಿದೆ. ಕಿವಿಗೆ ಚುಚ್ಚಿತು ಅಂತ ಒಂದು ಮಗೂನೂ ಮುಳುಗಿಲ್ಲ. ಈಗ ಅವನು ಕೇಳಿದ್ದನ್ನೇ ನೀವು ನನ್ನನ್ನ ಕೇಳದೆ ಮಾಡಿದ್ದೀರಿ."

ಅಕ್ಕ ನಗು ನಿಲ್ಲಿಸಿ ರೆಕಾರ್ಡಿನಿಂದ ಸೂಜಿ ಎತ್ತಿಟ್ಟಳು.

"ಪುಟದಲ್ಲಿ ಸರಿ ಮಾಡು," ಎಂದಳು ಅಕ್ಕ, ಜೇಡನಿಗೆ.

"ಕಂಪನಿಯವರು ಬಂದು ಹೋಗಲಿ ಅಕ್ಕ," ಅಂದೆ. "ಅರ್ಧ ಗಂಟೆ."

"ಅರ್ಧ ಗಂಟೆ ಯಾಕೆ?"

ಯಾಕೆಂದು ಮೂವರಿಗೂ ಗೊತ್ತಿತ್ತು. ಜೇಡ ಸರಿಯಾದ ಹಾಡನ್ನು ಹತ್ತು ನಿಮಿಷದಲ್ಲಿ ಸಿದ್ಧಮಾಡಿದ. ಟೀಚರ್ ಹೇಳಿದ್ದನ್ನೆಲ್ಲ ಮೇಲುಗಡೆ ನಾಲ್ಕು ಸಾಲಲ್ಲಿ ಬರೆದ. ಆಮೇಲೆ ಮೌಸನ್ನು ನನ್ನ ಕಡೆ ಸರಿಸಿದ. "ನೀನೇ ಒತ್ತು. ನಾಳೆ ನನ್ನ ಜೀವ ತಿನ್ನಬೇಡ."

ಟೀಚರ್ ನನ್ನನ್ನು ನೋಡುತ್ತಿರಲಿಲ್ಲ. ಗೋಡೆಗೆ ಅಂಟಿಸಿದ್ದ ನನ್ನ ಜೋತುಬಿದ್ದ ಅಕ್ಷರಗಳನ್ನು ನೋಡುತ್ತಿದ್ದರು, ಮೊದಲ ದಿನ ನೀರಿಗಿಳಿಯಲು ಒಲ್ಲದ ಮಗುವನ್ನು ನೋಡುವ ಹಾಗೆ. ನನಗೆ ಯಾರ ಮೇಲೋ ಸಿಟ್ಟು ಬಂತು, ಬಹುಶಃ ಗಾಜಿನ ಆ ಕಡೆ ಕೂತವನ ಮೇಲೆ, ಬಹುಶಃ ನನ್ನ ಮೇಲೆಯೇ. ಒತ್ತಿದೆ.

ಎರಡು ನಿಮಿಷಕ್ಕೆ ಪುಟದ ಕೆಳಗೆ ಜನ ಬರೆಯಲು ಶುರು ಮಾಡಿದರು. ಇಲಿ ಕಿರುಚಿದ ಹಾಗಿದೆ. ಹಳೇದು ವಾಪಸ್ ಹಾಕಿ. ನಮ್ಮ ಹಾಡು ನಮಗೆ ಕೊಡಿ. ಜೇಡ ಒಂದೊಂದನ್ನೂ ಗಟ್ಟಿಯಾಗಿ ಓದಿದ.

"ನಮ್ಮ ಹಾಡಂತೆ," ಎಂದು ಟೀಚರ್ ತೊಡೆ ತಟ್ಟಿಕೊಂಡರು. "ಇನ್ನೊಂದು ಓದು."

ಕಂಪನಿಯವರು ಸರಿಯಾಗಿ ನಾಲ್ಕಕ್ಕೆ ಬಂದರು. ನಯವಾದ ಮನುಷ್ಯ, ನಯವಾದ ಬೂಟು. ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿ ಹಾಡು ಕೇಳಿಸಿದಳು. ಅವರ ಹುಬ್ಬು ಒಂದು ಸಲ ಮೇಲೇರಿತು, ಇಳಿಯಿತು.

"ಒಳ್ಳೇದೇ ಆಯ್ತು," ಎಂದರು. "ಹಾಡಿದವರು ಸಿಕ್ಕಿದ್ದು ಇನ್ನೂ ಒಳ್ಳೇದು. ಅಮ್ಮಾ, ನಿಮ್ಮ ಸಹಿ ಒಂದಿದ್ದರೆ ಸಾಕು. ಹೊದಿಕೆ ಮೇಲೆ ನಿಮ್ಮ ಹೆಸರು ದೊಡ್ಡದಾಗಿ ಹಾಕ್ತೀವಿ. ಹಾಡು ಮಾತ್ರ ನಿಧಾನದ್ದು."

"ನಿಧಾನದ್ದು ನನ್ನದಲ್ಲ."

"ಆಯ್ತು. ಒಂದು ಬದಿಗೆ ನಿಧಾನದ್ದು, ಇನ್ನೊಂದು ಬದಿಗೆ ಇದು."

"ಆ ಬದಿ ಯಾರೂ ತಿರುವಿ ಹಾಕಲ್ಲ. ನಿಮಗೂ ಗೊತ್ತು, ನನಗೂ ಗೊತ್ತು."

ಅವರು ನನ್ನ ಕಡೆ ತಿರುಗಿದರು. ಮೇಜಿನ ಮೇಲಿದ್ದ, ಇನ್ನೂ ಮಸಿ ಆರದ ಹಾಳೆಯನ್ನು ಎತ್ತಿ ನೋಡಿದರು. "ಇದೇನು, ಹೊಸ ಹೊದಿಕೆಯಾ? ಅರ್ಧಕ್ಕೇ ನಿಂತಿದೆ."

"ಹಾಡು ಅಲ್ಲಿಗೇ ಮುಗೀತು," ಅಂದೆ.

"ಗೋಡೆ ಮೇಲಿರೋದು ಎಷ್ಟು ಚೆನ್ನಾಗಿದೆ. ಅದೇ ಇರಲಿ ಅಂತ ನೀವಾದ್ರೂ ಹೇಳಿ ಅವರಿಗೆ."

ನಾನು ಎದ್ದು ಗೋಡೆಯ ಹಾಳೆಯನ್ನು ಕಿತ್ತೆ. ಅಂಟಿನ ಜೊತೆ ಸುಣ್ಣವೂ ಒಂದಿಷ್ಟು ಬಂತು. ಅಮ್ಮನ ಮೊಳೆ ನೆನಪಾಯಿತು. ಇರಲಿ, ಕ್ಯಾಲೆಂಡರ್ ತೂಗುಹಾಕಲಿ.

ಕಂಪನಿಯವರು ನಿಟ್ಟುಸಿರು ಬಿಟ್ಟು ಕುರ್ಚಿಯನ್ನು ಟೀಚರ ಹತ್ತಿರಕ್ಕೆ ಎಳೆದುಕೊಂಡರು. ದನಿ ತಗ್ಗಿಸಿ, ಬಹಳ ಒಳ್ಳೆಯ ಮಾತನ್ನು ಹೇಳುವವರ ಹಾಗೆ ಮುಂದಕ್ಕೆ ಬಾಗಿದರು.

"ಒಂದು ಮಾತು ಕೇಳಿ ಅಮ್ಮಾ. ಹಳೇದೆಲ್ಲ ಬಿಡೋಣ. ಒಳ್ಳೇ ಸ್ಟುಡಿಯೋ ಇದೆ, ಒಳ್ಳೇ ವಾದ್ಯದವರಿದ್ದಾರೆ. ಈಗ ನಿಮ್ಮ ದನೀನೂ ಎಷ್ಟೋ ಇಳಿದಿದೆ, ತುಂಬ ಹೊಂದುತ್ತೆ. ನೀವೇ ಬಂದು, ಒಂದೇ ಒಂದು ಸಲ, ನಿಧಾನಕ್ಕೆ ಹಾಡಿಬಿಡಿ. ಆಗ ಅದು ನಿಮ್ಮದೇ ಆಗುತ್ತೆ. ಇಡೀ ಲೋಕ ಕೇಳುತ್ತೆ."

ಟೀಚರ್ ಒದ್ದೆ ಚೀಲವನ್ನು ಹೆಗಲಿಗೇರಿಸಿಕೊಂಡು ಎದ್ದರು.

"ಹಾಡಲ್ಲ," ಅಂದರು.